ಮೂವತ್ತು ತಿಂಗಳ ಕುರ್ಚಿ

ನಮ್ಮೂರ ಪುರಸಭೆಯಲ್ಲಿ ಅಧ್ಯಕ್ಷರ ಕೊಠಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಮರದ ಫಲಕ. ಇದುವರೆಗೆ ಆ ಕೊಠಡಿಯನ್ನು ಆಳಿದವರ ಹೆಸರುಗಳನ್ನೆಲ್ಲ ಕಪ್ಪು ಬಣ್ಣದ ಮೇಲೆ ಬಿಳಿಯಲ್ಲಿ ಬರೆಸಿದ್ದಾರೆ. ಮೇಲಿನ ಹೆಸರುಗಳು ದೊಡ್ಡ ಅಕ್ಷರದಲ್ಲಿ, ಗೇಣು ಗೇಣು ಜಾಗ ಬಿಟ್ಟುಕೊಂಡು, ಹಿಂದೆ ಶ್ರೀಮಾನ್, ಮುಂದೆ ಬಿ.ಎ., ಬಿ.ಎಲ್. ಇಟ್ಟುಕೊಂಡು ಆರಾಮವಾಗಿ ಕೂತಿವೆ. ಕೆಳಗಿಳಿಯುತ್ತ ಅಕ್ಷರ ಚಿಕ್ಕದಾಗುತ್ತದೆ, ಸಾಲು ಒತ್ತೊತ್ತಾಗುತ್ತದೆ, ಹೆಸರಿಗಿಂತ ತಾರೀಖೇ ಉದ್ದವಾಗುತ್ತದೆ. ಕೊನೆಯ ಮೂರು ನಾಲ್ಕು ಹೆಸರು ಫಲಕದಲ್ಲಿ ಹಿಡಿಸದೆ ಚೌಕಟ್ಟಿನ ಮೇಲೆ ಹತ್ತಿವೆ. ಅದನ್ನು ಬರೆದ ಪೇಂಟರ್ ಕುಂಚ ತೊಳೆಯುತ್ತ ಮ್ಯಾನೇಜರಿಗೆ ಹೇಳಿದನಂತೆ: "ಸಾರ್, ಇನ್ಮೇಲೆ ಇಲ್ಲೊಂದು ಸ್ಲೇಟು ತಗಲಾಕಿ. ಬರೀಬೋದು, ಒರಸ್ಬೋದು."

ಪೇಂಟರನ ಮಾತನ್ನು ಸರ್ಕಾರ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಈಗ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಪುರಸಭೆಯ ಐದು ವರ್ಷದಲ್ಲಿ ಎರಡು ಪಾಳಿ. ಮೈಸೂರಿನಂಥ ಮಹಾನಗರ ಪಾಲಿಕೆಯ ಮೇಯರ್‌ಗೆ ಅಷ್ಟೂ ಇಲ್ಲ, ಒಂದೇ ವರ್ಷ. ಮೈಸೂರಿನಲ್ಲಿ ಮೇಯರ್ ಆದವರು ದಸರಾ ಜಂಬೂಸವಾರಿಯಲ್ಲಿ ಕುದುರೆ ಏರಿ ಹೋಗುವ ರೂಢಿಯಿದೆ. ಹಾಗಾಗಿ ಗೆದ್ದ ಮೇಲೆ ಮೊದಲ ಕೆಲಸ ಕುದುರೆಯ ಮೇಲೆ ಕೂರುವುದನ್ನು ಕಲಿಯುವುದು. ಬೀಳದೆ ಕೂರುವುದನ್ನು ಕಲಿಯುವಷ್ಟರಲ್ಲಿ ದಸರಾ ಮುಗಿಯುತ್ತದೆ, ಬಜೆಟ್ಟು ಏನೆಂದು ತಿಳಿಯುವಷ್ಟರಲ್ಲಿ ವರ್ಷವೇ ಮುಗಿಯುತ್ತದೆ.

ಪುರಸಭೆಯಲ್ಲಿ ಕುದುರೆ ಇಲ್ಲ, ಮೀಸಲಾತಿ ಪಟ್ಟಿ ಇದೆ. ಸಾಮಾನ್ಯ, ಸಾಮಾನ್ಯ ಮಹಿಳೆ, ಹಿಂದುಳಿದ ವರ್ಗ 'ಎ', ಹಿಂದುಳಿದ ವರ್ಗ 'ಬಿ', ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅವುಗಳಲ್ಲೂ ಮಹಿಳೆ. ಯಾವ ಊರಿನ ಕುರ್ಚಿ ಈ ಸಲ ಯಾರಿಗೆ ಎಂದು ನಗರಾಭಿವೃದ್ಧಿ ಇಲಾಖೆ ಬೆಂಗಳೂರಿನಲ್ಲಿ ಕೂತು ಪಟ್ಟಿ ಹೊರಡಿಸುತ್ತದೆ. ರೈತರು ಜೂನ್ ತಿಂಗಳಲ್ಲಿ ಮೋಡ ನೋಡುವ ಹಾಗೆ ನಮ್ಮೂರಿನ ಸದಸ್ಯರು ಈ ಪಟ್ಟಿಯ ದಾರಿ ನೋಡುತ್ತಾರೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ "ಲಿಸ್ಟು ಬಂತಾ?" ಎಂದು ಯಾರಾದರೂ ಕೇಳಿದರೆ ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ವಿಚಾರವೋ ಪುರಸಭೆಯ ವಿಚಾರವೋ ಎಂದು ತಿಳಿಯಲು ಅವರ ಶರ್ಟು ನೋಡಬೇಕು. ಬಿಳಿ ಶರ್ಟಾದರೆ ಪುರಸಭೆ.

2018ರಲ್ಲಿ ಗೆದ್ದವರ ಪಾಡು ಕೇಳಿದರೆ ವಿರೋಧಿಗಳಿಗೂ ಮರುಕ ಬರುತ್ತದೆ. ಆ ವರ್ಷದ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ನಮ್ಮೂರೂ ಅದರಲ್ಲೊಂದು. ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು, ಪಟಾಕಿ ಸಿಡಿಯಿತು, ಗೆದ್ದವರಿಗೆ ಸೇಬಿನ ಹಾರ ಬಿತ್ತು. ಆಮೇಲೆ ಮೀಸಲಾತಿ ಪಟ್ಟಿ ಸರಿಯಿಲ್ಲವೆಂದು ಯಾರೋ ಹೈಕೋರ್ಟಿಗೆ ಹೋದರು. ಪಟ್ಟಿ ಬದಲಾಯಿತು, ಬದಲಾದ ಪಟ್ಟಿ ಸರಿಯಿಲ್ಲವೆಂದು ಇನ್ಯಾರೋ ಹೋದರು. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಅಕ್ಟೋಬರ್, ನವೆಂಬರಿನಲ್ಲಿ. ಅಲ್ಲಿಯವರೆಗೆ, ಎರಡು ವರ್ಷಕ್ಕೂ ಮೇಲೆ, ಗೆದ್ದವರು ಗೆದ್ದೇ ಇದ್ದರು. ಬೈಕಿನ ಮುಂದೆ 'ಪುರಸಭಾ ಸದಸ್ಯರು' ಎಂಬ ಬೋರ್ಡಿತ್ತು, ಲೆಟರ್‌ಹೆಡ್ ಇತ್ತು, ಮದುವೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುರ್ಚಿ ಇತ್ತು. ಸಭೆ ಇರಲಿಲ್ಲ, ಅಧಿಕಾರ ಇರಲಿಲ್ಲ. ನಮ್ಮ ಬೀದಿಯ ಹೆಂಗಸರು ಕೊಡ ಹಿಡಿದುಕೊಂಡು ಹೋಗಿ ನಲ್ಲಿಯಲ್ಲಿ ನೀರಿಲ್ಲ ಎಂದರೆ ನಮ್ಮ ವಾರ್ಡಿನ ಸದಸ್ಯರು, "ನಾನಿನ್ನೂ ಒಳಗೇ ಹೋಗಿಲ್ಲ ಕಣಕ್ಕ" ಎನ್ನುತ್ತಿದ್ದರು. "ಓಟು ಕೇಳೋಕೆ ಮನೆ ಒಳಗೇ ಬಂದಿದ್ರಲ್ಲಪ್ಪ" ಎಂದು ಒಬ್ಬಾಕೆ ಹೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇದರ ತಮಾಷೆ ಇಷ್ಟಕ್ಕೇ ಮುಗಿಯಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ, 1993ರ ಜೂನ್ 1ರಂದು ಜಾರಿಗೆ ಬಂದದ್ದು, ಪುರಸಭೆಗೆ ಐದು ವರ್ಷದ ಆಯುಸ್ಸು ಕೊಟ್ಟಿದೆ. ಆ ಐದು ವರ್ಷದ ಲೆಕ್ಕ ಶುರುವಾಗುವುದು ಗೆದ್ದ ದಿನದಿಂದಲ್ಲ, ಮೊದಲ ಸಭೆಯಿಂದ. 2020ರ ಕೊನೆಗೆ ಮೊದಲ ಸಭೆಯಾದರೆ 2025ರ ಕೊನೆಗೆ ಅವಧಿ ಮುಕ್ತಾಯ. ಹೀಗೆ ಐದು ವರ್ಷಕ್ಕೆಂದು ನಾವು ಆರಿಸಿದವರು ಅನೇಕ ಊರುಗಳಲ್ಲಿ ಏಳು ವರ್ಷ ಸದಸ್ಯರಾಗಿದ್ದರು. ನಡುವೆ ಮೊದಲ ಪಾಳಿಯ ಅಧ್ಯಕ್ಷರ 30 ತಿಂಗಳು 2023ರ ಮಧ್ಯದ ಹೊತ್ತಿಗೆ ಮುಗಿಯಿತು. ಎರಡನೆಯ ಪಾಳಿಯ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಮತ್ತೆ ಒಂದು ವರ್ಷದ ಮೇಲೆ ಕುರ್ಚಿ ಖಾಲಿ. ಖಾಲಿ ಎಂದರೆ ತೀರಾ ಖಾಲಿಯಲ್ಲ, ಆಡಳಿತಾಧಿಕಾರಿ ಎಂಬ ಹೆಸರಿನಲ್ಲಿ ಸರ್ಕಾರದ ಅಧಿಕಾರಿಯೊಬ್ಬರು ಅದರ ಹೊಣೆ ಹೊತ್ತಿರುತ್ತಾರೆ. ಅವರಿಗೆ ತಮ್ಮ ಸ್ವಂತ ಕಚೇರಿಯ ಕುರ್ಚಿಯೇ ಸಾಕಷ್ಟು ಬಿಸಿ. ಇಲ್ಲಿಗೆ ಬರುವುದು ಸಹಿ ಹಾಕಲು. ಫಲಕದ ಮೇಲೆ ಅವರ ಹೆಸರು ಬರೆಯುವ ಪದ್ಧತಿಯೂ ಇಲ್ಲ. ದಿನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ ನಮ್ಮೂರನ್ನು ಅತ್ಯಂತ ಹೆಚ್ಚು ಕಾಲ ಆಳಿದವರು ಬಹುಶಃ ಅವರೇ.

ಇದೇನೂ ಸಣ್ಣ ಊರಿನ ರೋಗ ಅಂದುಕೊಳ್ಳಬೇಡಿ. ಬೆಂಗಳೂರಿನ ಬಿಬಿಎಂಪಿಯ ಕೊನೆಯ ಚುನಾಯಿತ ಪರಿಷತ್ತಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ವಾರ್ಡು 198 ಇದ್ದದ್ದು 243 ಆಯಿತು, ಆಮೇಲೆ 225 ಆಯಿತು, ಚುನಾವಣೆ ಮಾತ್ರ ಆಗಲಿಲ್ಲ. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ ಬಂತು. 1862ರಲ್ಲಿ ಬೆಂಗಳೂರಿನ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆ ಮಾಡಿದ್ದರು. 1949ರಲ್ಲಿ ಎರಡನ್ನೂ ಸೇರಿಸಿ ಒಂದು ಪಾಲಿಕೆ ಮಾಡಿದರು. 2007ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಎಳೆದುಕೊಂಡು ಬೃಹತ್ ಮಾಡಿದರು. ಈಗ ಐದಾಗಿ ಒಡೆದಿದ್ದಾರೆ. ಹುಬ್ಬಳ್ಳಿ-ಧಾರವಾಡದವರದು ಇನ್ನೊಂದು ಕಥೆ. 1962ರಲ್ಲಿ ಎರಡೂ ಊರು ಸೇರಿ ಒಂದು ಪಾಲಿಕೆಯಾಯಿತು. ಅಂದಿನಿಂದಲೂ "ದುಡ್ಡೆಲ್ಲ ಹುಬ್ಬಳ್ಳಿಗೇ ಹೋತ್ರೀ" ಎಂಬ ಮಾತು ಧಾರವಾಡದಲ್ಲಿ ಪೇಡೆಯಷ್ಟೇ ತಾಜಾ ಆಗಿ ಸಿಗುತ್ತದೆ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿತು. ಅಣ್ಣ ತಮ್ಮಂದಿರು ಪಾಲಾದ ಮೇಲೆ ಅಡುಗೆಮನೆ ಎರಡಾಗುವುದು ಸಹಜ. ಪಾತ್ರೆ ಹಂಚುವಾಗ ಗದ್ದಲವಾಗುವುದೂ ಸಹಜ.

ಊರೂ ಬಡ್ತಿ ಪಡೆಯುತ್ತದೆ. ಹತ್ತು ಸಾವಿರ ಜನ ದಾಟಿದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ದಾಟಿದರೆ ಪುರಸಭೆ, ಐವತ್ತು ದಾಟಿದರೆ ನಗರಸಭೆ, ಮೂರು ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ನಮ್ಮೂರಿಗೆ ಅಂಟಿಕೊಂಡ ಹಳ್ಳಿಯೊಂದನ್ನು ಪುರಸಭೆಗೆ ಸೇರಿಸಿದಾಗ ಅಲ್ಲಿಯ ಯುವಕರು ಸಿಹಿ ಹಂಚಿದರು. ಮೂರು ತಿಂಗಳಿಗೆ ಅವರ ತಾಯಂದಿರು ಶಾಪ ಹಾಕಲು ಶುರುಮಾಡಿದರು. ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ, ಪಟ್ಟಣಕ್ಕಿಲ್ಲ. ಕೂಲಿ ನಿಂತಿತು, ಮನೆ ಕಂದಾಯ ಏರಿತು, ಬೀದಿದೀಪ ಇನ್ನೂ ಬರಬೇಕಿತ್ತು. ನಮ್ಮ ಬೀದಿಯಂತೂ ಇದ್ದಲ್ಲೇ ಇದ್ದುಕೊಂಡು ಊರೆಲ್ಲ ತಿರುಗಿದೆ. ಪ್ರತಿ ಸಲ ಕ್ಷೇತ್ರ ಮರುವಿಂಗಡಣೆಯಾದಾಗಲೂ ನಾವು ಬೇರೆ ವಾರ್ಡಿನವರು. ಚರಂಡಿ ಕಟ್ಟಿಕೊಂಡಾಗ ಹಳೆಯ ಸದಸ್ಯರು "ಅದು ಈಗ ನನಗೆ ಬರಲ್ಲ ಮೇಷ್ಟ್ರೇ" ಎನ್ನುತ್ತಾರೆ, ಹೊಸಬರು "ಅದು ನಾನು ಗೆದ್ದಾಗಲೇ ಕಟ್ಟಿಕೊಂಡಿತ್ತಲ್ಲ" ಎನ್ನುತ್ತಾರೆ. ಎರಡೂ ಸತ್ಯ.

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವ ಗೆಳೆಯರೊಬ್ಬರು ನನಗಿದ್ದಾರೆ. ಬೆಂಗಳೂರಿನ ಪುರಭವನಕ್ಕೆ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರಿದೆಯಲ್ಲ, ಅಂಥವರು ಪುರಸಭೆಯ ಅಧ್ಯಕ್ಷರಾಗಿದ್ದ ಕಾಲ ಅದು ಎನ್ನುತ್ತಾರೆ. ಇನ್ನೂ ಹಿಂದೆ ಹೋಗಿ, ಪಟ್ಟಣಸ್ವಾಮಿ ಎಂಬ ಹಿರಿಯ ವರ್ತಕ ಹೊಯ್ಸಳರ ಕಾಲದಲ್ಲಿ ಪೇಟೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಎನ್ನುತ್ತಾರೆ. ಬಹಳ ಉತ್ಸಾಹ ಬಂದರೆ ತಮಿಳುನಾಡಿನ ಉತ್ತರಮೇರೂರಿನ ಶಾಸನಕ್ಕೇ ಹೋಗುತ್ತಾರೆ. ಹತ್ತನೆಯ ಶತಮಾನದ ಆ ಊರಿನಲ್ಲಿ ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಒಬ್ಬ ಹುಡುಗನ ಕೈಯಲ್ಲಿ ಎತ್ತಿಸಿ ಸಮಿತಿಗಳಿಗೆ ಜನರನ್ನು ಆರಿಸುತ್ತಿದ್ದರು. ಅವಧಿ ಒಂದು ವರ್ಷ. ಒಮ್ಮೆ ಇದ್ದವನು ಮೂರು ವರ್ಷ ಮತ್ತೆ ನಿಲ್ಲುವಂತಿಲ್ಲ. ಲೆಕ್ಕ ಒಪ್ಪಿಸದವನು ನಿಲ್ಲುವಂತಿಲ್ಲ, ಅವನ ನಂಟರೂ ನಿಲ್ಲುವಂತಿಲ್ಲ. ಈ ಕೊನೆಯ ನಿಯಮವನ್ನು ನಮ್ಮೂರಿಗೆ ತಂದರೆ ಗಡಿಗೆಯಲ್ಲಿ ಓಲೆಯೇ ಇರುವುದಿಲ್ಲ ಎಂದು ನಾನು ಹೇಳಿದೆ. ಅವರು ನಕ್ಕರು. ಆದರೆ ಆ ಗಡಿಗೆಗೆ ಯಾರ ಹೆಸರು ಬೀಳುತ್ತಿತ್ತು ಎಂಬುದನ್ನು ಅವರು ಹೇಳುವುದಿಲ್ಲ. ಭೂಮಿ, ಸ್ವಂತ ಮನೆ, ವೇದವಿದ್ಯೆ ಇದ್ದ ಗಂಡಸರದು ಮಾತ್ರ. ನಮ್ಮ ಫಲಕದ ಮೇಲ್ಭಾಗದ ಶ್ರೀಮಾನ್‌ಗಳೂ ಹೆಚ್ಚುಕಡಿಮೆ ಮೂರು ನಾಲ್ಕು ಮನೆತನದವರೇ. ಅವರು ಆರಾಮವಾಗಿ ಕೂತದ್ದು ಎಬ್ಬಿಸುವವರು ಯಾರೂ ಇಲ್ಲದ್ದರಿಂದ.

2020ರಲ್ಲಿ ನಮ್ಮೂರಿನ ಪಟ್ಟಿ ಬಂತು. ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡ ಮಹಿಳೆಗೆ. ಹೋಟೆಲಿನಲ್ಲಿ ಒಂದು ಕ್ಷಣ ಎಲ್ಲರೂ ಲೋಟ ಕೆಳಗಿಟ್ಟರು. 23 ಸದಸ್ಯರಲ್ಲಿ ಆ ವರ್ಗದ ಮಹಿಳೆ ಒಬ್ಬರೇ. ಅದೂ ಎದುರು ಪಕ್ಷದವರು, ಬಹುಮತ ಇದ್ದ ಪಕ್ಷದವರಲ್ಲ. ಹಳೆಯ ಸಂತೆ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಾಕೆ. ಬಹುಮತದವರ ಹದಿನಾಲ್ಕು ಜನ ಕೈಕಟ್ಟಿ ಕೂತರು, ಆಕೆ ಅವಿರೋಧವಾಗಿ ಆಯ್ಕೆಯಾದರು. ಎರಡು ವರ್ಷದಿಂದ ಅಧ್ಯಕ್ಷರಾಗುವ ಸಿದ್ಧತೆಯಲ್ಲಿ ಹೊಸ ಕಾರು ತೆಗೆದುಕೊಂಡಿದ್ದವರೊಬ್ಬರು ಅಂದು ಸಂಜೆ ಅದನ್ನು ಶೆಡ್ಡಿಗೆ ಹಾಕಿ ಬಂದು, "ಬಿಡಿ, ಆಯಮ್ಮ ಸಹಿ ಹಾಕ್ತಾಳೆ, ನಾವು ನೋಡ್ಕೊಳ್ಳೋಣ" ಎಂದು ಸಮಾಧಾನ ಮಾಡಿಕೊಂಡರು.

ಮೊದಲ ಕೆಲವು ತಿಂಗಳು ಹಾಗೇ ನಡೆಯಿತು. ಅಧ್ಯಕ್ಷೆಯ ಯಜಮಾನರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ಫೈಲು ತಿರುವಿದರು, ಗುತ್ತಿಗೆದಾರರನ್ನು ಮಾತಾಡಿಸಿದರು. ಈಗ ಕರ್ನಾಟಕದಲ್ಲಿ ಪುರಸಭೆಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಇಂಥ ಯಜಮಾನರುಗಳಿಗೆ ಒಂದು ಪ್ರತ್ಯೇಕ ಸಂಘ ಕಟ್ಟಿದರೆ ರಾಜ್ಯದಲ್ಲೇ ದೊಡ್ಡ ಸಂಘವಾದೀತು. ನಮ್ಮ ಅಧ್ಯಕ್ಷೆ ಆಗ ಹೆಚ್ಚು ಮಾತಾಡುತ್ತಿರಲಿಲ್ಲ. ಸಾಮಾನ್ಯ ಸಭೆಯಲ್ಲಿ ಮ್ಯಾನೇಜರು ಜಮಾಖರ್ಚು ಓದುವಾಗ ಸುಮ್ಮನೆ ಕೇಳುತ್ತಿದ್ದರು. ನಮ್ಮ ಸಭೆಗಳಲ್ಲಿ ಜಮಾಖರ್ಚು ಓದುವುದಕ್ಕೆ ಒಂದು ರಾಗವಿದೆ. ಆ ರಾಗಕ್ಕೆ ಮುಕ್ಕಾಲು ಪಾಲು ಸದಸ್ಯರು ಕಣ್ಣು ಮುಚ್ಚುತ್ತಾರೆ. ಉಳಿದವರು ಚುರುಮುರಿ, ಬಾಳೆಹಣ್ಣಿನ ತಟ್ಟೆ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಾರೆ.

ಒಂದು ಬೆಳಿಗ್ಗೆ ಕೋಟೆ ಬೀದಿಯಲ್ಲಿ ಹೊಸದಾಗಿ ಕಟ್ಟಿದ ಚರಂಡಿಯ ಬಿಲ್ಲು ಸಹಿಗೆ ಬಂದಿತ್ತು. ಅಧ್ಯಕ್ಷೆ ಬಿಲ್ಲು ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಎಂಜಿನಿಯರನ್ನೂ ಗುತ್ತಿಗೆದಾರನನ್ನೂ ಕರೆದುಕೊಂಡು ನಡೆದೇ ಹೊರಟರು. ನಾನು ಹಾಲು ತರಲು ಹೋದವನು ಅಲ್ಲೇ ನಿಂತೆ. ಹಾಲು ತರಲು ಬಂದ ಇನ್ನೂ ಹತ್ತಾರು ಜನ ನಿಂತರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಹೊಲಿಗೆಯ ಟೇಪು ತೆಗೆದರು. ಹಳದಿ ಬಣ್ಣದ್ದು, ತುದಿಯ ಲೋಹದ ಪಟ್ಟಿ ಸವೆದು ಮೊದಲ ಅಂಕಿಯೇ ಅಳಿಸಿಹೋಗಿತ್ತು. ಚರಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ಇಳಿಬಿಟ್ಟರು. ಬಿಲ್ಲಿನಲ್ಲಿ ಆಳ ಎರಡೂವರೆ ಅಡಿ. ಟೇಪಿನಲ್ಲಿ ಇಪ್ಪತ್ತೆರಡು ಇಂಚು. ಇನ್ನೊಂದು ಕಡೆ ಇಪ್ಪತ್ತು. ತಿರುವಿನಲ್ಲಿ ಹದಿನೆಂಟು.

"ಮೇಡಂ, ಅದು ಅಂದಾಜು ಇರ್ತದೆ. ಹೆಚ್ಚುಕಮ್ಮಿ ಆಗ್ತದೆ," ಎಂದರು ಎಂಜಿನಿಯರು.

"ಅಂದಾಜಲ್ಲಿ ಬ್ಲೌಸು ಹೊಲಿದ್ರೆ ಯಾರು ಹಾಕ್ಕೋತಾರೆ ಸಾರ್?" ಎಂದರು ಅಧ್ಯಕ್ಷೆ, ಟೇಪು ಸುತ್ತುತ್ತ.

ಆ ಬಿಲ್ಲಿನ ಮೊತ್ತ ಇಳಿಯಿತು. ಅಂದಿನಿಂದ ಯಜಮಾನರ ಕುರ್ಚಿ ನಿಧಾನವಾಗಿ ಕಿಟಕಿಯ ಕಡೆಗೆ ಸರಿಯಿತು, ಆಮೇಲೆ ಹೊರಗಿನ ವರಾಂಡಕ್ಕೆ ಬಂತು, ಒಂದು ದಿನ ಜವಾನ ಅದನ್ನು ತಾನು ಕೂರಲು ತೆಗೆದುಕೊಂಡ. ಅವರೂ ಏನೂ ಬೇಸರಪಟ್ಟುಕೊಳ್ಳದೆ ಟೈಲರಿಂಗ್ ಅಂಗಡಿ ನೋಡಿಕೊಳ್ಳತೊಡಗಿದರು. ಗುಂಡಿ ಕಾಜ ಮಾಡುವುದರಲ್ಲಿ ಅವರ ಕೈ ಚೆನ್ನಾಗಿದೆ ಎಂದು ಬೀದಿಗೆ ತಿಳಿದದ್ದು ಆಮೇಲೆ.

ಬಹುಮತದವರು ಸುಮ್ಮನಿದ್ದರೇ? ಅವಿಶ್ವಾಸ ತರಬೇಕೆಂದು ಗುಸುಗುಸು ನಡೆಯಿತು. ಅದಕ್ಕೆ ಮೂರನೇ ಎರಡು ಪಾಲು ಬೇಕು. ಅಲ್ಲಿ ಇಲ್ಲಿ ಕೈಹಾಕಿ ಅಷ್ಟು ಜನರನ್ನು ಕೂಡಿಸಿದರೂ ಕೂಡಿಸಬಹುದಿತ್ತು. ಆಗ ಹೋಟೆಲಿನ ಕ್ಯಾಶ್ ಕೌಂಟರಿನ ಹಿಂದಿನಿಂದ ಮಾಲೀಕರು ಒಂದು ಪ್ರಶ್ನೆ ಹಾಕಿದರು. "ಇಳಿಸ್ತೀರಿ ಸ್ವಾಮಿ. ಆಮೇಲೆ ಯಾರನ್ನ ಕೂರಿಸ್ತೀರಿ?" ಆ ವರ್ಗಕ್ಕೆ ಬೇರೆ ಸದಸ್ಯೆಯೇ ಇಲ್ಲ. ಇಳಿಸಿದರೆ ಮತ್ತೆ ಆಕೆಯೇ ಏರಬೇಕು, ಹೊಸ ಹಾರದ ಖರ್ಚು ಬೇರೆ. ಹೀಗೆ ಯಾವ ಪಟ್ಟಿ ಆಕೆಯನ್ನು ಆಕಸ್ಮಿಕವಾಗಿ ಕೂರಿಸಿತ್ತೋ ಅದೇ ಪಟ್ಟಿ ಆಕೆಯನ್ನು ಕಾಯಿತು. ನನಗೆ ತಿಳಿದ ಹಾಗೆ ನಮ್ಮೂರಿನಲ್ಲಿ 30 ತಿಂಗಳನ್ನೂ ಪೂರ್ತಿ ಕೂತು ಎದ್ದವರು ಆಕೆ ಒಬ್ಬರೇ. ಮಿಕ್ಕವರಿಗೆಲ್ಲ ಒಪ್ಪಂದಗಳಿದ್ದವು. ನಿನಗೆ ಹದಿನೈದು ತಿಂಗಳು, ನನಗೆ ಹದಿನೈದು. ಕೆಲವು ಸಲ ಮೂವರಿಗೆ ಹತ್ತು ಹತ್ತು. ಧರ್ಮಸ್ಥಳಕ್ಕೆ ಹೋಗಿ ಪ್ರಮಾಣ ಮಾಡಿ ಬಂದರೂ ಹದಿನಾಲ್ಕನೇ ತಿಂಗಳಿಗೆ ಮೊದಲನೆಯವರಿಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆ ಸೇರುವುದು, ಎರಡನೆಯವರು ಹಣ್ಣು ಹಿಡಿದುಕೊಂಡು ಹೋಗಿ ರಾಜೀನಾಮೆ ಪತ್ರಕ್ಕೆ ಕಾಯುವುದು ನಡೆದೇ ಇತ್ತು.

ಪಾಠ ಕಲಿತರೇ ಎಂದು ಕೇಳಬೇಡಿ. 2024ರ ಎರಡನೆಯ ಪಾಳಿ 'ಸಾಮಾನ್ಯ' ಎಂದು ಬಂತು. ಎಲ್ಲರೂ ಅರ್ಹರು. 23 ಸದಸ್ಯರು, ಶಾಸಕರದೊಂದು ಮತ, ಸಂಸದರದೊಂದು ಮತ, ಒಟ್ಟು 25. ಹದಿಮೂರು ಕೈ ಮೇಲೇಳಬೇಕು. ಗುಪ್ತ ಮತದಾನವಿಲ್ಲ, ಎಲ್ಲರೆದುರು ಕೈ ಎತ್ತುವುದು. ಹಾಗಾಗಿ ಕೈಗಳನ್ನು ಕಾಪಾಡಬೇಕು. ಒಂದು ರಾತ್ರಿ ಎರಡು ಟೆಂಪೋ ಟ್ರಾವೆಲರ್ ಬಂದು ಹದಿನಾಲ್ಕು ಸದಸ್ಯರನ್ನು ಹತ್ತಿಸಿಕೊಂಡು ಹೋದವು. ದೇವಸ್ಥಾನ ನೋಡಿದರು, ಜಲಪಾತ ನೋಡಿದರು, ಸಮುದ್ರ ನೋಡಿದರು. ಪಕ್ಷೇತರರೊಬ್ಬರು ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡದ್ದು ಅಲ್ಲಿ. ಇನ್ನೊಬ್ಬರು ಹೆಂಡತಿಗೆ ಫೋನು ಮಾಡಬೇಕೆಂದರೂ ಫೋನು ನಾಯಕರ ಬ್ಯಾಗಿನಲ್ಲಿತ್ತು. ಆಕೆ ಇತ್ತ ನಮ್ಮ ಮನೆಗೆ ಬಂದು, "ಅಣ್ಣ, ಗ್ಯಾಸ್ ಬುಕ್ ಮಾಡೋ ನಂಬರು ಅವರ ಹತ್ರ ಐತೆ, ಅವರು ದೇಶಸೇವೆಗೆ ಹೋಗವ್ರೆ" ಎಂದು ಗೋಳಾಡಿದರು. ಚುನಾವಣೆಯ ದಿನ ನೇರ ಪುರಸಭೆಯ ಬಾಗಿಲಿಗೇ ಬಂದಿಳಿದರು. ಎಲ್ಲರ ಮೂಗೂ ಬಿಸಿಲಿಗೆ ಸುಟ್ಟಿತ್ತು. ಹದಿಮೂರು ಕೈ ಸರಿಯಾಗಿ ಎದ್ದವು. ಹದಿನಾಲ್ಕನೆಯ ಕೈ ಎತ್ತಬೇಕಾದವರು ದಾರಿಯ ಆಯಾಸಕ್ಕೆ ಅಲ್ಲೇ ನಿದ್ದೆಹೋಗಿದ್ದರು.

ಹೀಗೆ ಗೆದ್ದ ಕುರ್ಚಿಗೆ ಉಳಿದಿದ್ದ ಆಯುಸ್ಸು ಹದಿನಾಲ್ಕು ತಿಂಗಳು. ಪುರಸಭೆಯ ಐದು ವರ್ಷವೇ ಮುಗಿಯುವುದಿತ್ತಲ್ಲ. ಅದನ್ನೂ ಇಬ್ಬರು ಏಳೇಳು ತಿಂಗಳು ಹಂಚಿಕೊಂಡರು. ಮೊದಲನೆಯವರು ಕೊಠಡಿಗೆ ಎ.ಸಿ. ಹಾಕಿಸಿದರು. ಎರಡನೆಯವರಿಗೆ ಶೀತದ ತೊಂದರೆ, ಅದನ್ನು ನಿಲ್ಲಿಸಿದರು. ಅವರ ಕಾಲದ ಸಾಧನೆಗಳಲ್ಲಿ ನನಗೆ ನೆನಪಿರುವುದು ಇವೆರಡು.

ಈಗ ಅವಧಿ ಮುಗಿದು ಮತ್ತೆ ಆಡಳಿತಾಧಿಕಾರಿಗಳು ಬಂದಿದ್ದಾರೆ. ಮಾಜಿಗಳು ಬೈಕಿನ ಬೋರ್ಡಿಗೆ 'ಮಾಜಿ' ಎಂಬುದನ್ನು ಸಾಧ್ಯವಾದಷ್ಟು ಸಣ್ಣದಾಗಿ ಸೇರಿಸಿಕೊಂಡು ಓಡಾಡುತ್ತಾರೆ. ಟೈಲರಮ್ಮ ಸಂತೆ ಬೀದಿಯ ಅಂಗಡಿಯಲ್ಲಿದ್ದಾರೆ. ಕಳೆದ ಹಬ್ಬಕ್ಕೆ ನನ್ನ ಹೆಂಡತಿ ಬ್ಲೌಸು ಹೊಲಿಯಲು ಕೊಡಲು ಹೋದಾಗ ಅಲ್ಲಿ ಆಗಲೇ ನಾಲ್ಕು ಜನ ಕಾಯುತ್ತಿದ್ದರಂತೆ. ಒಬ್ಬರ ಕೈಯಲ್ಲಿ ಬಟ್ಟೆ, ಮೂವರ ಕೈಯಲ್ಲಿ ಅರ್ಜಿ. ಇ-ಖಾತಾದಲ್ಲಿ ಹೆಸರು ತಪ್ಪಿದ್ದು ಒಂದು, ಬೀದಿದೀಪದ್ದೊಂದು, ನೀರಿನದೊಂದು. ಆಕೆ ಮೆಷಿನ್ನು ತುಳಿಯುತ್ತಲೇ ವಾಟರ್‌ಮನ್‌ಗೆ ಫೋನು ಹಚ್ಚಿ, "ಏನಪ್ಪಾ, ಕೋಟೆ ಬೀದಿ ವಾಲ್ವು ತಿರುಗಿಸಿದ್ಯಾ ಇಲ್ವಾ?" ಎಂದು ಕೇಳಿದರು. ಅವನು ಆ ಕಡೆಯಿಂದ "ಈಗ ಹೊರಟೆ ಅಧ್ಯಕ್ಷರೇ" ಎಂದದ್ದು ನನ್ನ ಹೆಂಡತಿಗೂ ಕೇಳಿಸಿತು. ಅರ್ಜಿಯವರನ್ನು ಒಬ್ಬೊಬ್ಬರನ್ನಾಗಿ ಕಳಿಸಿ, ಕೊನೆಗೆ ಬಟ್ಟೆ ಕೈಗೆ ತೆಗೆದುಕೊಂಡು ಹೇಳಿದರಂತೆ:

"ಬ್ಲೌಸು ಹಬ್ಬಕ್ಕೆ ಆಗಲ್ಲಕ್ಕ. ಕೆಲಸ ಜಾಸ್ತಿ."